ಟ್ರೆಬಲ್ ನಾಬಿನ ಮೇಲೊಂದು ಚಾಕ್ ಗೀಟು

ಕೆಲಸ ಕೇಳಿಕೊಂಡು ಹೋಗಿ ಗಿಟಾರ್ ನುಡಿಸಿ ತೋರಿಸಿದಾಗ ಬಳ್ಳಾರಿಯ ಆರ್ಕೆಸ್ಟ್ರಾದ ಯಜಮಾನರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ನಾಲ್ಕು ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಅವರು ಮೆತ್ತಗೆ ಹೇಳಿದರು: "ಕೈ ಭಾಳ ಛಲೋ ಐತ್ರಿ ನಿಮ್ದು. ಆದ್ರ ಸೌಂಡು ಕಿವಿಗೆ ಸೂಜಿ ಚುಚ್ಚಿದಂಗ ಆಗ್ತೈತಿ. ಮದುವಿಗೆ ಬಂದ ಮಂದಿ ಊಟ ಬಿಟ್ಟು ಎದ್ದು ಹೋಗ್ತಾರ. ಮುಂದಿನ ಐತವಾರ ಇನ್ನೊಮ್ಮೆ ಬರ್ರಿ. ಸರಿ ಆಗಿದ್ರ ನೀವು, ಇಲ್ಲಾಂದ್ರ ಬೇರೆಯವ್ರು."

ಆಗ ನಾನು ಆಂಧ್ರದ ಗಡಿಯ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ರಿವಿಟ್ ಮಿಷನ್ ಮುಂದೆ ಕೂರುತ್ತಿದ್ದೆ. ಪ್ಯಾಂಟಿನ ಜೇಬಿನ ಮೂಲೆಯಲ್ಲಿ ತಾಮ್ರದ ಬಣ್ಣದ ಸಣ್ಣ ಮೊಳೆ ಇರುತ್ತದಲ್ಲ, ಅದನ್ನು ಹೊಡೆಯುವ ಕೆಲಸ. ಟಕ್, ಟಕ್, ಟಕ್. ಬೆಳಿಗ್ಗೆಯಿಂದ ಸಂಜೆತನಕ ಅದೇ, ಏಳು ವರ್ಷ ಅದೇ. ಮಡಕಶಿರಾ ಕಡೆಯ ಅಗಳಿ ಹತ್ತಿರದ ನಮ್ಮೂರಿನಿಂದ ಒಂದು ಬ್ಯಾಗು ಹಿಡಿದು ಬಂದಾಗ ಆರು ತಿಂಗಳು ಇದ್ದು ಹೋಗುತ್ತೇನೆ ಅಂದುಕೊಂಡಿದ್ದೆ. ಆ ಸ್ಟೂಲಿನಿಂದ ಏಳಲು ನನಗಿದ್ದದ್ದು ಗಿಟಾರ್ ಒಂದೇ. ಈ ಆರ್ಕೆಸ್ಟ್ರಾ ತಪ್ಪಿದರೆ ಸಾಯುವತನಕ ರಿವಿಟ್ಟೇ ಗತಿ ಎಂದು ಗೊತ್ತಿತ್ತು.

ಗಿಟಾರಿನದೇನೂ ತಪ್ಪಿಲ್ಲ. ಅದರ ಜೊತೆ ಒಂದು ಡಿಜಿಟಲ್ ಪೆಟ್ಟಿಗೆ ಇತ್ತು, ಕಾಲಿನಿಂದ ಒತ್ತುವಂಥದ್ದು. ತಂತಿಯ ಸದ್ದು ಅದರೊಳಗೆ ಹೋಗಿ ನೂರೆಂಟು ವೇಷ ಹಾಕಿಕೊಂಡು ಹೊರಗೆ ಬರುತ್ತದೆ. ಯಾವ ವೇಷ ಒಪ್ಪುತ್ತದೆ ಎಂದು ನುಡಿಸುವವನಿಗೆ ಸುಲಭಕ್ಕೆ ತಿಳಿಯುವುದಿಲ್ಲ, ಎದುರಿಗೆ ಕೂತು ಕೇಳುವವರು ಬೇಕು. ರಾಯದುರ್ಗದಲ್ಲಿ ಗಿಟಾರ್ ಹಿಡಿದವನು ನನಗೆ ಗೊತ್ತಿದ್ದಂತೆ ನಾನೊಬ್ಬನೇ. 'ಹತ್ತಿರದಲ್ಲಿ ಯಾರಾದರೂ ಇದ್ದರೆ ಸ್ವಲ್ಪ ಟೋನ್ ಕೂರಿಸಿಕೊಡಿ' ಎಂದು ಫೋನಿನ ಗುಂಪುಗಳಲ್ಲೆಲ್ಲ ಅಂಗಲಾಚಿ ಬರೆದೆ. ಒಬ್ಬ ಹೈದರಾಬಾದಿಗೆ ಬಾ ಅಂದ. ಇನ್ನೊಬ್ಬ, ಆ ಗಿಟಾರ್ ಮಾರ್ತೀಯಾ ಎಂದು ಕೇಳಿದ. ಅವನ ಬಾಯಿಗೆ ಮಣ್ಣು ಹಾಕ!

ಕೊನೆಗೆ ನಮ್ಮ ಯೂನಿಟ್ಟಿನಲ್ಲೇ ಇಬ್ಬರನ್ನು ಹಿಡಿದೆ. ನನ್ನ ಎಡಗಡೆಯ ಮಿಷನ್ನಿನವನು ಭಜನೆಗೆ ಢೋಲಕ್ ಬಾರಿಸುತ್ತಿದ್ದ. ಸೊಂಟದ ಪಟ್ಟಿ ಹೊಲಿಯುತ್ತಿದ್ದ ಅಕ್ಕ ಒಬ್ಬಳು ಮದುವೆ ಮನೆಗಳಲ್ಲಿ ಹಾಡುತ್ತಿದ್ದಳು. ಸೋಮವಾರ ಊಟದ ಹೊತ್ತಿಗೆ ಬುತ್ತಿ ಬಿಚ್ಚುವ ಮೊದಲೇ ಇಬ್ಬರನ್ನೂ ಕೂರಿಸಿಕೊಂಡು ನುಡಿಸಿದೆ. "ಬಾಗುಂದಿ ರಾ!" ಎಂದು ಢೋಲಕ್ಕಿನವನು ತೆಲುಗಿನಲ್ಲಿ ಹೊಗಳಿದ. "ಇನ್ನೂ ಒಂಚೂರು ಶಾರ್ಪ್ ಮಾಡು, ಚುರುಕು ಬರಲಿ." ಪೆಟ್ಟಿಗೆಯ ಮೇಲೆ ಚೂಪು ಸದ್ದು ಹೆಚ್ಚಿಸುವ ಟ್ರೆಬಲ್ ನಾಬನ್ನು ಇನ್ನಷ್ಟು ಏರಿಸಿದೆ. "ಈಗ ನೋಡ್ರಿ, ಗಂಟಿ ಬಾರಿಸಿದಂಗ ಐತಿ" ಅಂದಳು ಆ ಅಕ್ಕ. ನನಗೂ ಹಾಗೇ ಕೇಳಿಸಿತು. ಸಂಗೀತ ಬಲ್ಲ ಮೂವರು ಒಂದೇ ಮಾತು ಹೇಳಿದರೆ ಇನ್ನೇನು ಬೇಕು ಎಂದು ಅವತ್ತು ಎರಡು ಮುದ್ದೆ ಜಾಸ್ತಿ ಉಂಡೆ.

ಆದರೂ ಮನಸ್ಸು ತಡೆಯದೆ ಮಾರನೆಯ ದಿನ ಕೋಟೆ ಗುಡ್ಡದ ಬುಡದ ಓಣಿಗೆ ಹೋದೆ. ಅಲ್ಲಿ ಪೇಟಿ ಮಾಸ್ತರರ ಮನೆ. ಹಾರ್ಮೋನಿಯಂಗೆ ಅಲ್ಲಿ ಪೇಟಿ ಅಂತಾರೆ. ನಾಟಕಗಳಿಗೆ ಪೇಟಿ ನುಡಿಸಿ, ಕೆಟ್ಟ ಪೇಟಿಗಳ ಸ್ವರ ಕೂರಿಸಿ ಹೆಸರು ಮಾಡಿದವರು. ನಾನು ಎರಡು ಸಾಲು ನುಡಿಸುವಷ್ಟರಲ್ಲಿ ಎರಡೂ ಕಿವಿ ಮುಚ್ಚಿಕೊಂಡರು.

"ಬಂದ್ ಮಾಡ್ರಿ, ಬಂದ್ ಮಾಡ್ರಿ! ಯಾಕ ಹಿಂಗ ಕಿರಚಸ್ತೀರಿ ಅದನ್ನ?"

ಅವರೇ ಬಗ್ಗಿ ಟ್ರೆಬಲ್ ನಾಬನ್ನು ಅರ್ಧಕ್ಕಿಂತ ಕೆಳಗೆ ತಂದರು. ನುಡಿಸಿದೆ. ಸದ್ದಿಗೆ ಕೌದಿ ಹೊದಿಸಿ ಮಲಗಿಸಿದ ಹಾಗಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಮಾಸ್ತರ್, ವಯಸ್ಸಾಗಿ ನಿಮ್ಮ ಕಿವಿ ಕೆಟ್ಟಿರಬೇಕು. ಗಿಟಾರ್ ಅಂದ್ರೆ ನಿಮ್ಮ ಪೇಟಿ ಅಲ್ಲ" ಎಂದುಬಿಟ್ಟೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. "ಆತು ಬಿಡ್ರಿ. ಚಾ ಕುಡದು ಹೋಗ್ರಿ" ಅಂದರು. ನಾನು ಕುಡಿಯಲಿಲ್ಲ, ಪೆಟ್ಟಿಗೆ ಎತ್ತಿಕೊಂಡು ಹೊರಬಿದ್ದೆ. ಓಣಿಯ ತಿರುವಿನಲ್ಲೇ ನಾಬನ್ನು ಮತ್ತೆ ಮೇಲಕ್ಕೆ ತಿರುಗಿಸಿದೆ. ಎಂಥಾ ಮೂರ್ಖ ನಾನು!

ಗುರುವಾರ ಊರಿಂದ ನನ್ನ ಒಡಹುಟ್ಟಿದ ಅಕ್ಕನ ಫೋನು. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ, ಅದರ ಭಾರವೆಲ್ಲ ಅಕ್ಕನದೇ. "ಹುಳ ನಾಲ್ಕನೇ ಜ್ವರ ಎದ್ದವೆ ಕಣೋ. ಸೊಪ್ಪು ಹಾಕಾಕೆ ಕೈ ಸಾಲ್ತಿಲ್ಲ, ಒಂದಿನ ಬಂದೋಗು." ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೆಯದು ಎದ್ದ ಮೇಲೆ ಅವು ಬಕಾಸುರನ ಸಂತಾನ. ಸಾವಿರಾರು ಹುಳ ಒಟ್ಟಿಗೆ ಎಲೆ ಕಡಿಯುವ ಸದ್ದು ಸೋನೆ ಮಳೆಯಂತೆ ಮನೆ ತುಂಬುತ್ತದೆ. ಚಿಕ್ಕವನಿದ್ದಾಗ ಆ ಸದ್ದು ಕೇಳುತ್ತಲೇ ನನಗೆ ನಿದ್ದೆ ಹತ್ತುತ್ತಿತ್ತು.

ಶುಕ್ರವಾರ ರಜೆ ಹಾಕಿ ಮಡಕಶಿರಾ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಊರು ಮುಟ್ಟಿದೆ. ಅಕ್ಕ ತೋಟದಿಂದ ಸೊಪ್ಪಿನ ಹೊರೆ ತರುತ್ತಿದ್ದಳು. ನಾನು ಮೊದಲು ಹುಳದ ಮನೆಗೆ ಹೊಕ್ಕೆ. ಎಲೆ ಹಾಕಿತ್ತು, ಹುಳ ಇದ್ದವು, ಸದ್ದಿಲ್ಲ. ಒಂದು ಚೂರೂ ಇಲ್ಲ. ಸಪ್ಪೆ ರೋಗ ಬಿದ್ದರೆ ಹುಳ ಹೀಗೇ ಮೇವು ಬಿಡುತ್ತವೆ. ಒಂದು ತಿಂಗಳ ದುಡಿಮೆ ಹೋಯಿತು ಎಂದು ಹೊರಗೆ ಓಡಿ ಬಂದು ಕೂಗಿಕೊಂಡೆ: "ಅಕ್ಕಾ, ಕೆಟ್ವಿ! ಹುಳ ಮೇಯ್ತಿಲ್ಲ ಕಣೇ!"

ಅಕ್ಕ ಹೊರೆಯನ್ನು ಅಲ್ಲೇ ಎಸೆದು ಒಳಗೆ ನುಗ್ಗಿದಳು. ಬಾಗಿಲಲ್ಲೇ ನಿಂತಳು. ತಿರುಗಿ ನನ್ನ ಮುಖ ನೋಡಿದಳು.

"ತಮಾಷೆ ಮಾಡ್ತೀಯೇನೋ? ಜೀವ ಬಾಯಿಗೆ ಬಂತಲ್ಲೋ. ಹೊರಗ್ಲಿಂದ್ಲೇ ಕೇಳುಸ್ತೈತೆ, ಬರಬರ ಅಂತ ಮೇಯ್ತಾವೆ."

ನಾನು ತಮಾಷೆ ಮಾಡುತ್ತಿರಲಿಲ್ಲ. ಹುಳದ ಹತ್ತಿರ ಬಗ್ಗಿದೆ. ಎಲೆಯ ಅಂಚು ಕಣ್ಣೆದುರೇ ಕರಗುತ್ತಿತ್ತು. ಕಿವಿ ಅದಕ್ಕೆ ತಾಗುವಷ್ಟು ಬಗ್ಗಿದೆ. ಏನೂ ಇಲ್ಲ.

"ನಂಗೆ ಕೇಳುಸ್ತಿಲ್ಲ ಕಣಕ್ಕ" ಅಂದೆ. ಅಕ್ಕ ನನ್ನ ಕಿವಿಯ ಮೇಲೆ ಕೈ ಇಟ್ಟಳು, ಕೂಸಿಗೆ ಇಡುವ ಹಾಗೆ. ಅಲ್ಲೇ ಕೂತು ಅತ್ತುಬಿಟ್ಟೆ.

ಆಮೇಲೆ ಒಂದೊಂದೇ ಹೊಳೆಯಿತು. ಜನರ ಮಾತು ಕೇಳುತ್ತದೆ, ಬಸ್ಸು ಕೇಳುತ್ತದೆ, ಆದ್ದರಿಂದ ಕಿವಿ ಸರಿಯಿದೆ ಅಂದುಕೊಂಡಿದ್ದೆ. ಏಳು ವರ್ಷದ ಟಕ್ ಟಕ್ ನನ್ನ ಕಿವಿಯಿಂದ ಸಣ್ಣ, ಚೂಪು ಸದ್ದುಗಳನ್ನಷ್ಟೇ ಕದ್ದಿತ್ತು. ಅವು ನನಗೆ ಕೇಳುವತನಕ ನಾನು ಟ್ರೆಬಲ್ ಏರಿಸುತ್ತಿದ್ದೆ, ಉಳಿದವರ ಕಿವಿ ಹರಿದುಹೋಗುತ್ತಿತ್ತು. ಹೊಗಳಿದ ಇಬ್ಬರೂ ಅದೇ ಶೆಡ್ಡಿನವರು, ಅದೇ ಮಿಷನ್ನುಗಳ ನಡುವೆ ಕೂತವರು. ಕುರುಡ ಕುರುಡನಿಗೆ ದಾರಿ ಕೇಳಿದ ಹಾಗಾಗಿತ್ತು. ಕಿವಿ ಕೆಟ್ಟಿದೆ ಎಂದು ನಾನು ಯಾರಿಗೆ ಹೇಳಿ ಬಂದಿದ್ದೆನೋ, ಆ ಮಾಸ್ತರರ ಕಿವಿಯೊಂದೇ ಸರಿಯಿತ್ತು.

ಶನಿವಾರ ಮಧ್ಯಾಹ್ನ ಮಾಸ್ತರರ ಮನೆಯ ಹೊಸ್ತಿಲ ಹೊರಗೆ ನಿಂತೆ. ಒಳಗೆ ಹೋಗಲು ಮುಖವಿರಲಿಲ್ಲ. ಅವರೇ ಕರೆದರು. ಕಾಲಿಗೆ ಬಿದ್ದು ಎಲ್ಲ ಹೇಳಿದೆ. ಅವರು "ಪೆಟ್ಟಿಗಿ ತಗೀರಿ" ಅಂದರು.

ನಾನು ನುಡಿಸಿದೆ, ಅವರು ಕಣ್ಣು ಮುಚ್ಚಿಕೊಂಡು ಒಂದೊಂದೇ ನಾಬನ್ನು ತಿರುವಿದರು. ಸಂಜೆಯ ಹೊತ್ತಿಗೆ ಅವರ ಮುಖ ಅರಳಿತು. ನನಗೆ ಮಾತ್ರ ಅದೇ ಕೌದಿ, ಅದೇ ಮಂಕು. ಮೊಳೆ ಬೀಳುವ ಜಾಗಕ್ಕೆ ಗುರುತು ಹಾಕುವ ಚಾಕ್ ತುಂಡು ನನ್ನ ಜೇಬಿನಲ್ಲಿ ಸದಾ ಇರುತ್ತಿತ್ತು. ಅದನ್ನು ಇಸಿದುಕೊಂಡು ಮಾಸ್ತರು ಪ್ರತಿ ನಾಬಿನ ಪಕ್ಕ ಗೀಟು ಎಳೆದರು.

"ಗೀಟಿನ ಮ್ಯಾಲೆ ಮೊಳಿ ಹೊಡೀತೀರಿಲ್ರಿ ನೀವು? ಹಂಗ. ನಿಮ್ಮ ಕಿವಿ ಏನರ ಅನ್ಲಿ, ಗೀಟು ದಾಟಬ್ಯಾಡ್ರಿ."

ಐತವಾರ ಬಳ್ಳಾರಿಯಲ್ಲಿ ಯಜಮಾನರ ಎದುರು ನಿಂತು ನುಡಿಸತೊಡಗಿದೆ. ಮೊದಲ ಸಾಲಿಗೇ ನನಗೆ ಅನ್ನಿಸಿತು, ಇದು ಸತ್ತ ಸದ್ದು, ಇದಕ್ಕೆ ಯಾರು ತಾನೇ ತಲೆದೂಗುತ್ತಾರೆ? ಕೈ ತಾನಾಗಿ ಟ್ರೆಬಲ್ ಕಡೆ ಹೋಯಿತು. ಬೆರಳಿಗೆ ಚಾಕ್ ಪುಡಿ ಹತ್ತಿತು. ಕೈ ಹಿಂದಕ್ಕೆ ತೆಗೆದುಕೊಂಡು, ಹಲ್ಲು ಕಚ್ಚಿ ಪೂರ್ತಿ ನುಡಿಸಿದೆ. ಯಜಮಾನರು ಬಂದು ನನ್ನ ಭುಜ ಹಿಡಿದರು. "ಇದ್ನ ಮೊದ್ಲ ಯಾಕ ನುಡಿಸ್ಲಿಲ್ರಿ?" ಅಂದರು.

ರಿವಿಟ್ ಮಿಷನ್ ಬಿಟ್ಟೆ. ಇವತ್ತಿಗೂ ಆ ಗೀಟುಗಳ ಮೇಲೇ ನುಡಿಸುತ್ತೇನೆ, ಅಳಿಸಿಹೋದಾಗಲೆಲ್ಲ ಮಾಸ್ತರು ಮತ್ತೆ ಎಳೆದುಕೊಡುತ್ತಾರೆ. ಜನ ಇಂಪಾಗಿದೆ ಅನ್ನುತ್ತಾರೆ. ಆ ಇಂಪು ಹೇಗಿದೆ ಎಂದು ನನಗೆ ಗೊತ್ತಿಲ್ಲ.

ಮೊದಲ ಮದುವೆಯಲ್ಲಿ ನುಡಿಸಿದ್ದನ್ನು ಫೋನಿನಲ್ಲಿ ತುಂಬಿಕೊಂಡು ಊರಿಗೆ ಹೋಗಿ ಅಕ್ಕನಿಗೆ ಕೇಳಿಸಿದ್ದೆ. ಹುಳದ ಮನೆಯ ಬಾಗಿಲಲ್ಲಿ ಕೂತು ಪೂರ್ತಿ ಕೇಳಿದಳು.

"ಹೆಂಗೈತಕ್ಕ?"

"ಹುಳ ಸೊಪ್ಪು ಮೇದಂಗೈತೆ ಕಣೋ, ಮೆತ್ತಗೆ" ಅಂದಳು. ಅಂದವಳೇ ಗಕ್ಕನೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಇರ್ಲಿ ಬಿಡಕ್ಕ" ಅಂದೆ. "ಇನ್ನೊಂದ್ಸಲ ಕೇಳಿ ಹೇಳು. ಹೆಂಗೈತೆ?"