ಸಕ್ಕರಿ ಕಮ್ಮಿ, ಆಮೆನ್

ಭಾಲ್ಕಿ ತಾಲೂಕಿನ ಅರ್ಧ ಜನರ ಎಡತೋಳಿನ ಮೇಲೆ ಸಾರಮ್ಮನ ರುಜು ಇದೆ. ಮೂವತ್ತನಾಲ್ಕು ವರ್ಷ ಭಾತಂಬ್ರಾದ ಸುತ್ತಿನ ಹಳ್ಳಿಗಳಲ್ಲಿ ಲಸಿಕೆ ಹಾಕಿದ ಸರ್ಕಾರಿ ನರ್ಸು ಆಕೆ. ಈಗಲೂ ಬಸ್ಸಿನಲ್ಲಿ ಆಕೆಯನ್ನು ಕಂಡರೆ ಮೀಸೆ ಹೊತ್ತ ಗಂಡಸರು ತೋಳು ಸವರಿಕೊಂಡು ಸೀಟು ಬಿಡುತ್ತಾರೆ. ಅದು ಭಯವೋ ಭಕ್ತಿಯೋ ಹೇಳುವುದು ಕಷ್ಟ. ಎರಡರ ನಡುವೆ ಸೂಜಿಮೊನೆಯಷ್ಟೇ ಜಾಗ.

ಹಾಗೆ ಸಿಕ್ಕಿದ ಕಿಟಕಿ ಸೀಟಿನಲ್ಲಿ ಸಾರಮ್ಮ ಕೂತಳೆಂದರೆ ಕನಸು ಶುರು. ತೊಗರಿ ಹೊಲಗಳ ಹಳದಿ ಹಿಂದಕ್ಕೆ ತೇಲುತ್ತದೆ, ಕೆಂಪು ಮಣ್ಣಿನ ಧೂಳು ಬಿಸಿಲಲ್ಲಿ ಜರಿಯಂತೆ ಹೊಳೆಯುತ್ತದೆ, ಒಂಬತ್ತು ವರ್ಷದ ಹಿಂದೆ ತೀರಿಕೊಂಡ ಗಂಡ ಪೀಟರ ಬಂದು ಪಕ್ಕದಲ್ಲಿ ಕೂಡುತ್ತಾನೆ. ಕಂಡಕ್ಟರನಿಗೆ ಕಾಣುವುದಿಲ್ಲ, ಹಾಗಾಗಿ ಟಿಕೆಟ್ಟಿಲ್ಲ.

ಮಗನ ಹೆಸರು ಜಾನ್ಸನ. ನಾಮಕರಣದ ದಿನ ಇಂಗ್ಲಿಷ್ ಮಾಸ್ತರರೊಬ್ಬರು, "ಪೀಟರನ ಮಗ ಜಾನ್ಸನ ಹ್ಯಾಂಗ ಆದನ್ರಿ? ಜಾನ್ ಯಾರು?" ಎಂದು ಕೇಳಿ ಊಟ ಮಾಡದೆ ಮನೆಗೆ ಹೋಗಬೇಕಾಗಿ ಬಂದಿತ್ತು. ಸುವಾರ್ತೆ ಸಾರುವ ಮಗನನ್ನು ಹೆತ್ತು ಸಾರಮ್ಮ ಹೆಸರಿಗೆ ತಕ್ಕಂತೆ ಬಾಳಿದಳು. ಹುಡುಗನದು ಜೇನಿನಂಥ ಕಂಠ. ಅದಕ್ಕಿಂತ ಸಿಹಿಯಾದದ್ದು ಅವನ ಮಾತು. ಏನು ತಪ್ಪು ಮಾಡಿದರೂ ಒಂದು ಮಾತು ಹಾರಿಸುತ್ತಿದ್ದ, ಅವ್ವ ನಗುತ್ತಿದ್ದಳು, ತಪ್ಪು ಅಲ್ಲಿಗೆ ಮಾಫಿ. ಈಗ ಎರಡು ವರ್ಷದಿಂದ ಔರಾದಿನಲ್ಲಿ ಬೋಧಕ. ನಾಲ್ಕು ಹಳ್ಳಿಗಳ ಪುಟ್ಟ ಪುಟ್ಟ ಸಭೆಗಳು ಅವನ ಪಾಲಿಗೆ. ಮಾರ್ಚಿನಲ್ಲಿ ಹಿರಿಯರು ಒಪ್ಪಿದರೆ ಪಾದ್ರಿ ದೀಕ್ಷೆ.

ಹಿರಿಯರು ಒಪ್ಪುವುದಕ್ಕೊಂದು ಪದ್ಧತಿಯಿದೆ. ಮೂರು ತಿಂಗಳಿಗೊಮ್ಮೆ ಬೀದರಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಸಭೆ. ಒಬ್ಬೊಬ್ಬ ಬೋಧಕನನ್ನೂ ಹೊರಗೆ ಬೇವಿನ ಮರದಡಿಯ ಬೆಂಚಿಗೆ ಕಳಿಸಿ, ಮೇಲ್ವಿಚಾರಕ ಅಯ್ಯನವರು ಒಳಗಿದ್ದವರನ್ನು ಕೇಳುತ್ತಾರೆ: "ಇವರ ನಡತಿ ಮ್ಯಾಲ ಯಾರದಾದ್ರೂ ಮಾತದ ಏನ್ರಿ?" ಎಲ್ಲರೂ ಫ್ಯಾನು ನೋಡುತ್ತಾರೆ. "ಇಲ್ರಿ." ಚಹಾ ಬರುತ್ತದೆ. ಯಾರಾದರೂ ಮಾತೆತ್ತಿದರೆ ಅವರ ಹೆಸರು ಹೊರಗೆ ಹೋಗಕೂಡದು ಎಂಬುದೂ ನಿಯಮ. ಭಾಲ್ಕಿಯ ಪರವಾಗಿ ಹನ್ನೊಂದು ವರ್ಷ ಆ ಹಿರಿಯರಲ್ಲೊಬ್ಬಳಾಗಿ ಕೂತ ಸಾರಮ್ಮ ಆ ನಿಯಮಕ್ಕೆ ಕೆಲಸ ಬಿದ್ದದ್ದು ಕಂಡಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಆಕೆ, ಮಗನ ಪಾಲಿನ ನಾಲ್ಕು ಹಳ್ಳಿಗಳಲ್ಲೊಂದಾದ, ಗಡಿಯಂಚಿನ ಡಾಬಕಾಕ್ಕೆ ಹೋದಳು. ಹಿಂದೆ ತನ್ನ ಜೊತೆ ಆಯಾ ಆಗಿದ್ದ ರೆಬೆಕ್ಕಾಳ ಗಂಡ ತಿಂಗಳ ಹಿಂದೆ ತೀರಿಕೊಂಡಿದ್ದ, ಮಾತಾಡಿಸಿ ಬರಬೇಕಿತ್ತು. ಪ್ರಾರ್ಥನೆಯ ಹೊತ್ತು. ಪತ್ರಾಸಿನ ತಗಡು ಹೊದಿಸಿದ ಮನೆಯಲ್ಲಿ ಹದಿನಾಲ್ಕು ಜನ. ಇದ್ದ ಒಂದೇ ಕುರ್ಚಿಯನ್ನು 'ಸೇವಕರ ತಾಯಿ'ಗೆ, ಅಂದರೆ ಬೋಧಕನ ಅವ್ವನಿಗೆ, ಕೊಟ್ಟರು. ಎದುರಿನ ಮೇಜಿಗೆ ಒಗೆದ ಬಿಳಿ ಬಟ್ಟೆ, ಶಿಲುಬೆ, ಪಕ್ಕದಲ್ಲಿ ಅಡುಗೆಯ ಪಾತ್ರೆ, ಸ್ಟೀಲಿನ ಡಬರಿ. ಡಬರಿಯೊಳಗೆ ಒಂದು ಫೋನು.

"ಡಬರಿಯಾಗ ಇಟ್ರ ದನಿ ದೊಡ್ಡದಾಗ್ತದ," ಎಂದಳು ರೆಬೆಕ್ಕಾ ಮೆಲ್ಲಗೆ.

ಡಬರಿಯೊಳಗಿಂದ ಜಾನ್ಸನನ ಕಂಠ ಎದ್ದಿತು, ಬಾವಿಯೊಳಗಿನ ದೇವದೂತನಂತೆ. "ಎದ್ದು ನಿಲ್ರಿ." ಹದಿನಾಲ್ಕು ಜನ ಎದ್ದರು. ಗಂಡಸರು ತಲೆಯ ಮೇಲಿನ ಟವೆಲು ತೆಗೆದರು, ಹೆಂಗಸರು ಸೆರಗು ಹೊದ್ದರು. ಸಾರಮ್ಮನೂ ಎದ್ದಳು. ಕಿಂಡಿಯ ಬಿಸಿಲು ಆ ಫೋನಿನ ಮೇಲೇ ಬಿದ್ದಿತ್ತು. ಮುಚ್ಚಿದ ಕಣ್ಣುಗಳ ನಡುವೆ ತೆರೆದಿದ್ದವು ಆಕೆಯವು ಮಾತ್ರ. ಕಂಠ ಹರಿಯಿತು: ಕರುಣೆಯುಳ್ಳ ತಂದೆಯೇ, ಈ ಊರ ಮಕ್ಕಳನ್ನು ನಿನ್ನ ರೆಕ್ಕೆಯಡಿ ಕಾಪಾಡು... ಫೋನಿನಾಚೆ ಚಮಚೆಯ ಕಿಣಿಕಿಣಿ. ಆಮೇಲೆ ಅದೇ ಜೇನಿನಲ್ಲಿ: "ಸಕ್ಕರಿ ಕಮ್ಮಿ ಹಾಕ್ರಿ."

"ಆಮೆನ್," ಎಂದರು ಹದಿನಾಲ್ಕು ಜನ.

ಯಾರೂ ನಗಲಿಲ್ಲ. ಸಾರಮ್ಮನಿಗೆ ತಾನು ಯಾರದೋ ಕನಸಿನಲ್ಲಿ ನಿಂತಂತೆ ಕಾಲು ನೆಲಕ್ಕೆ ತಾಕಲಿಲ್ಲ.

ಆಮೇಲೆ ರೊಟ್ಟಿ ತಟ್ಟುತ್ತ ರೆಬೆಕ್ಕಾ ಹೇಳಿದಳು, ದೂರು ಎಂದಲ್ಲ, ಸುದ್ದಿಯೆಂದು. "ನಮ್ಮವರ್ನ ಮಣ್ಣ ಮಾಡುವಾಗೂ ಫೋನಿನ್ಯಾಗೇ ಪ್ರಾರ್ಥನಿ ಮಾಡಿದ್ರು. ಕುಣಿ ಮ್ಯಾಲ ಫೋನು ಹಿಡ್ಕೊಂಡು ನಿಂತಿದ್ದೇವು. ನಡುವೇ ಟವರ ಮಹಾರಾಷ್ಟ್ರಕ್ಕ ಹೋಯ್ತು."

"ಮುಂದ?"

"ಮುಂದೇನು, ನಿಂತೇವು. ಅರ್ಧಾ ತಾಸು. ಆಶೀರ್ವಾದ ಇಲ್ದ ಅವರ್ನ ಹ್ಯಾಂಗ ಇಳಸ್ಬೇಕು? ನಿನ್ನ ಮಗಂದು ದನಿ ಭಾಳ ಛಲೋ ಬಿಡು."

ದೇವರ ಕೃಪೆ ಟವರಿನ ಕೃಪೆಗೆ ಕಾದು ನಿಂತ ಆ ಅರ್ಧ ಗಂಟೆ ಸಾರಮ್ಮನ ಜೊತೆ ಔರಾದಿನವರೆಗೂ ಬಂತು. ಜಾನ್ಸನ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಆಕೆ ಒಂದೂ ಬಿಡದೆ ಹೇಳಿದಳು. ಅವನು ಕಿವಿ ಹಿಡಿದುಕೊಂಡು, "ಅವ್ವಾ, ದೇವ್ರು ಎಲ್ಲಾ ಕಡಿ ಅದಾನ, ಅವಗ ನಡೀತದ. ನನಗ ಇರೋದು ಒಂದೇ ಬೈಕು," ಎಂದ.

ಸಾರಮ್ಮ ನಕ್ಕುಬಿಟ್ಟಳು.

ಭಾಲ್ಕಿಯವರೆಗೂ ಪಕ್ಕದ ಸೀಟು ಖಾಲಿಯಿತ್ತು. ಪೀಟರ ಬರಲಿಲ್ಲ. ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ರೆಬೆಕ್ಕಾಗೆ ಫೋನು ಮಾಡಿದಾಗಲೆಲ್ಲ ಹಿಂದಿನಿಂದ ಡಬರಿಯ ಪ್ರಾರ್ಥನೆ ಕೇಳುತ್ತಿತ್ತು. ಸಾರಮ್ಮ ತನ್ನನ್ನೇ ತನಿಖೆ ಮಾಡಿಕೊಂಡಳು: ಊರ ಮಕ್ಕಳು ಅತ್ತರೂ ಚುಚ್ಚಿದವಳು ನಾನು, ನನ್ನದೊಂದು ನಗಿಸಿತೆಂದು ಬಿಟ್ಟೆ.

ಮಾರ್ಚಿನ ಸಭೆಯಲ್ಲಿ ಜಾನ್ಸನ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೆಂಚಿಗೆ ಹೋದ. ಅಯ್ಯನವರು ಪ್ರಶ್ನೆಯನ್ನು ಅರ್ಧ ಮುಗಿಸುವಷ್ಟರಲ್ಲೇ ಕೆಟಲಿ ಒಳಗೆ ಬಂದಿತ್ತು. ಫ್ಯಾನು ನಿಧಾನ ತಿರುಗುತ್ತಿತ್ತು, ಬೆಳಕಿನ ಪಟ್ಟಿಯಲ್ಲಿ ಧೂಳು ಮೇಲೇಳುತ್ತಿತ್ತು. ಸಾರಮ್ಮನಿಗೆ ಅದರಲ್ಲಿ ಹದಿನಾಲ್ಕು ಜನ ನಿಂತೇ ಇರುವುದು ಕಂಡಿತು.

"ನಂದದ ರಿ," ಎಂದಳು.

ಹೇಳಿದಳು. ಚಹಾ ತಣ್ಣಗಾಯಿತು.

"ತಾಯಿ ಆಗಿ ಹೇಳ್ಲತ್ತೀರಿ," ಎಂದರು ಅಯ್ಯನವರು ಕನ್ನಡಕ ತೆಗೆದು. "ನೋಡ್ರಿ, ಹುಡುಗ ಅದಾನ. ಕರದು ನಾಕ್ ಮಾತು ಹೇಳಿದ್ರಾಯ್ತು."

"ನಾಕ್ ಮಾತು ನಾ ಮೂವತ್ತು ವರ್ಷ ಹೇಳೀನ್ರಿ. ಅವ್ನ ಮ್ಯಾಲಿನ ಮಾತು ಅರ್ಧಾನೇ. ಉಳದರ್ಧ ನನ್ನ ಮ್ಯಾಲ ಅದ. ನಾ ಹೊರಗ ಕೂಡ್ತೇನಿ. ನಮ್ಮಿಬ್ಬರದೂ ಕೂಡೇ ಮಾತಾಡ್ರಿ."

ಬೆಂಚಿನ ಮೇಲೆ ಮಗನ ಪಕ್ಕದಲ್ಲಿ ಕೂತಳು. ಬೇವಿನ ಹೂವು ಇಬ್ಬರ ಮೇಲೂ ಉದುರುತ್ತಿತ್ತು.

"ನೀ ಯಾಕ ಬಂದಿ? ಯಾರರೇ ಏನರೇ ಅಂದ್ರೇನು?"

"ಹೂಂ. ನಾ ಅಂದೆ."

ಹೆಸರು ಹೊರಗೆ ಹೋಗಬಾರದೆಂಬ ನಿಯಮ ಅಲ್ಲಿಗೆ ಮುರಿಯಿತು. ಜಾನ್ಸನ ಬಿಳಿ ಅಂಗಿಯ ಮೇಲಿನ ಹೂವು ಕೊಡವಿಕೊಂಡ. ಆಮೇಲೆ ತುಟಿಯ ಒಂದು ಅಂಚು ಮೇಲೇರಿತು. "ಒಂದೇ ಸ್ಟಾರ್ ಕೊಟ್ಟಿ ಅವ್ವಾ. ಇರ್ಲಿ. ಬೆತ್ಲೆಹೇಮಿಗೂ ಒಂದೇ ಸ್ಟಾರ್ ಇತ್ತು."

ಒಳ್ಳೆಯ ಮಾತು. ನಿಜವಾಗಿಯೂ ಒಳ್ಳೆಯ ಮಾತು. ನಗು ಗಂಟಲವರೆಗೆ ಬಂತು. ಸಾರಮ್ಮ ಕಹಿ ಔಷಧಿಯಂತೆ ಅದನ್ನು ನುಂಗಿ ಅವನ ಮುಖವನ್ನೇ ನೋಡಿದಳು. ಅವನು ನಗುವಿಗಾಗಿ ಕಾದ. ಇನ್ನೂ ಕಾದ. ಬರಲಿಲ್ಲ.

ಬಾಗಿಲು ತೆರೆದು ಅಯ್ಯನವರು ತಾವೇ ಹೊರಬಂದರು. ದೀಕ್ಷೆ ಒಂದು ವರ್ಷ ಮುಂದಕ್ಕೆ. ಅಷ್ಟು ದಿನ ಪ್ರತಿ ಹಳ್ಳಿಗೂ ಸ್ವತಃ ಹೋಗಬೇಕು, ಫೋನಿಲ್ಲದೆ. "ನಿಮ್ಮ ಮ್ಯಾಲ ಮಾತಾಡ್ಲಿಕ್ಕ ಯಾರೂ ತಯಾರ ಇಲ್ರಿ ಸಾರಮ್ಮ," ಎಂದು ಒಳಗೆ ಹೋದರು.

ಜಾನ್ಸನ ಎದ್ದು ಬೈಕಿನ ಬಳಿಗೆ ಹೋಗಿ, ಕೀಲಿ ತೂರಿಸಿ, ನಿಂತ. ತಿರುಗದೆಯೇ ಕೇಳಿದ. ಜೇನಿಲ್ಲದ ಕಂಠ, ಆಕೆಗೆ ಅದರ ಪರಿಚಯವಿರಲಿಲ್ಲ.

"ಅವ್ವಾ, ರೆಬೆಕ್ಕಾನ ಗಂಡನ ಹೆಸರು ಏನಿತ್ತು?"

ಸಾರಮ್ಮನಿಗೆ ಗೊತ್ತಿತ್ತು.

"ಆಕೀಗೇ ಕೇಳು," ಎಂದಳು.

ಬೈಕು ಜನವಾಡದ ಕಡೆ ತಿರುಗಿತು. ಆ ರಸ್ತೆ ಔರಾದಿಗೂ ಹೋಗುತ್ತದೆ, ಅಲ್ಲಿ ನಿಲ್ಲದಿದ್ದರೆ ಡಾಬಕಾಕ್ಕೂ ಹೋಗುತ್ತದೆ.