ಎರಡನೇ ಸಹಿ

ಮೂಡಿಗೆರೆಯ ಹೊರಗೆ, ಹಸಿ ಕಾಫಿ ಬೀಜದಿಂದ ಸಾರ ತೆಗೆದು ಔಷಧದ ಕ್ಯಾಪ್ಸೂಲಿಗೆ ಬೇಕಾದ ಪುಡಿ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ರಸಾಯನಶಾಸ್ತ್ರ ಓದಿದವಳಿಗೆ ಗಂಡನ ಊರಿನಲ್ಲೇ ಇಂಥ ಕೆಲಸ ಸಿಕ್ಕಿತೆಂದು ಎರಡೂ ಮನೆಯವರು ಖುಷಿಪಟ್ಟಿದ್ದರು. ನಾನೂ ಪಟ್ಟಿದ್ದೆ.

ಮೊದಲು ಪ್ರತಿ ಬ್ಯಾಚಿಗೂ ಒಂದು ಕಾಗದದ ಕಟ್ಟು ಇರುತ್ತಿತ್ತು. ಕೆಲಸ ಮಾಡಿದವರದು ಒಂದು ಸಹಿ, ಅದನ್ನು ನಿಂತು ನೋಡಿದವರದು ಇನ್ನೊಂದು ಸಹಿ. ಗಡಿಬಿಡಿಯ ದಿನಗಳಲ್ಲಿ ಆ ಎರಡನೇ ಸಹಿಗಳೆಲ್ಲ ಸಂಜೆಯ ಟೀ ಹೊತ್ತಿಗೆ ಒಟ್ಟಿಗೆ ಬೀಳುತ್ತಿದ್ದವು. ಆಮೇಲೆ ಕಾಗದ ಹೋಗಿ ಟ್ಯಾಬ್ ಬಂತು. ಎಲೆಕ್ಟ್ರಾನಿಕ್ ಬ್ಯಾಚ್ ರೆಕಾರ್ಡ್ ಎಂದು ಅದರ ಹೆಸರು. ಮಾಡಿದವರೂ ನೋಡಿದವರೂ ತಮ್ಮ ತಮ್ಮ ಪಾಸ್‌ವರ್ಡ್ ಹಾಕುವವರೆಗೆ ಮುಂದಿನ ಹಂತ ತೆರೆಯುವುದೇ ಇಲ್ಲ. ಯಾರು, ಯಾವ ಗಳಿಗೆಯಲ್ಲಿ ಒತ್ತಿದರು ಎಂಬುದು ತಾನಾಗಿಯೇ ದಾಖಲಾಗುತ್ತದೆ. ತರಬೇತಿಯ ದಿನ, ನನ್ನ ಪಾಸ್‌ವರ್ಡ್ ನನ್ನ ಕೈಬರಹದ ಸಹಿಗೆ ಸಮ ಎಂದು ಎಲ್ಲರಿಂದಲೂ ಬರೆಸಿಕೊಂಡರು. ಒಳ್ಳೆಯದಾಯಿತು ಅಂದುಕೊಂಡೆ. ಯಾರದೋ ಹೊಟ್ಟೆಗೆ ಹೋಗುವ ಪುಡಿ. ನೋಡದೆ ನೋಡಿದೆ ಅನ್ನುವುದು ನಿಂತರೆ ಸಾಕಿತ್ತು.

ಎರಡನೇ ಸಹಿಯ ಅಧಿಕಾರ ಇದ್ದವರು ಇಬ್ಬರೇ, ನಾನು ಮತ್ತು ಇನ್ನೊಬ್ಬ ಹೆಂಗಸು. ಗಂಡನಿಗೆ ಮೈಸೂರಿಗೆ ವರ್ಗವಾಯಿತೆಂದು ಅವರು ಕೆಲಸ ಬಿಟ್ಟರು. ಬೇರೆಯವರನ್ನು ಬೇಗ ತಗೊಳ್ಳುತ್ತೇವೆ ಎಂದ ಮ್ಯಾನೇಜರು ತಗೊಳ್ಳಲಿಲ್ಲ. ಅಲ್ಲಿಂದ ನಾನು ಟ್ಯಾಬಿಗೆ ಕಟ್ಟುಬಿದ್ದೆ. ಒಳಗೆ ಹೋಗಲು ಟೋಪಿ, ಮಾಸ್ಕು, ಮೈತುಂಬ ಬಿಳಿ ಗೌನು, ಗ್ಲೌಸು. ಹೊರಗೆ ಬಂದರೆ ಎಲ್ಲ ಕಳಚಿ ಹೊಸದು ಹಾಕಬೇಕು. ಅದಕ್ಕೇ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಜ್ವರ ಬಂದಾಗಲೂ ಹೋದೆ. “ನೀವಿಲ್ದಿದ್ರೆ ಲೈನೇ ನಿಲ್ಲುತ್ತೆ” ಎಂದು ಮ್ಯಾನೇಜರು ಮೊದಲ ಸಲ ಅಂದಾಗ ಹೆಮ್ಮೆಯಾಗಿತ್ತು. ಬರಬರುತ್ತ ಆ ಮಾತು ಕೇಳಿದರೆ, ರಜೆ ಕೇಳಲು ಹೋದವಳು ಕೇಳದೆ ತಿರುಗಿ ಬರುತ್ತಿದ್ದೆ.

ಅಷ್ಟರಲ್ಲಿ ಕಳಸದಲ್ಲಿ ತಂಗಿಯ ಸೀಮಂತ ಬಂತು. ನಮಗೆ ತಾಯಿ ಇಲ್ಲ. ತಾಯಿಯ ಜಾಗದಲ್ಲಿ ನಿಂತು ಮೊದಲು ಮಡಿಲು ತುಂಬುವವಳು ನಾನೇ. ರಜೆ ಕೇಳಿದೆ, ಕೊಟ್ಟರು. ಆದರೆ ಹಿಂದಿನ ಸಂಜೆ ಮ್ಯಾನೇಜರು ಕರೆದು, “ಸಾರದ ಡ್ರಮ್ ಓಪನ್ ಮಾಡಿಬಿಟ್ಟಿದ್ದಾರೆ. ಬಿಟ್ರೆ ತೇವ ಹಿಡಿಯುತ್ತೆ. ಬೆಳಿಗ್ಗೆ ಬೇಗ ಬಂದು ಬ್ಲೆಂಡಿಂಗ್ ಒಂದು ಮುಗಿಸಿಕೊಟ್ಟು ಹೋಗಿ” ಎಂದರು. ಶಾಸ್ತ್ರ ಇದ್ದದ್ದು ಮಧ್ಯಾಹ್ನ. ಒಪ್ಪಿಕೊಂಡೆ.

ಬ್ಲೆಂಡರ್ ನಡೆಸುವವರು ಬಣಕಲ್ ಕಡೆಯವರು. ಮೊದಲು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವರು, ಇಲ್ಲಿಯೂ ಎಲ್ಲರಿಗೂ ಮೇಸ್ತ್ರಿಯೇ. ಅವತ್ತು ಪುಡಿ ಚೆನ್ನಾಗಿ ಬೆರೆಯಿತು, ಮಿಷನ್ ನಿಂತಿತು, ಮೇಸ್ತ್ರಿ ಪಾಸ್‌ವರ್ಡ್ ಹಾಕಿದರು. ನಾನು ಹಾಕಲು ಬೆರಳಿಟ್ಟೆ. ಪರದೆಯ ಮೇಲೆ ಚಕ್ರವೊಂದು ತಿರುಗತೊಡಗಿತು, ತಿರುಗುತ್ತಲೇ ಇತ್ತು. ರಸ್ತೆ ಅಗಲ ಮಾಡುವ ಜೆಸಿಬಿ ಹೊರಗೆಲ್ಲೋ ಕೇಬಲ್ ಕಿತ್ತುಹಾಕಿತ್ತು.

ಎರಡೂ ಸಹಿ ಬೀಳುವವರೆಗೆ ಇಬ್ಬರೂ ಕೋಣೆ ಬಿಡುವಂತಿಲ್ಲ. ಬಿಟ್ಟರೆ ಆ ಬ್ಯಾಚನ್ನು ಬಳಸದೆ ಬದಿಗಿಡುತ್ತಾರೆ, ವಿಚಾರಣೆ ಶುರುವಾಗುತ್ತದೆ, ಮೇಸ್ತ್ರಿಯ ಹೆಸರೂ ಅದರಲ್ಲಿ ಬರುತ್ತದೆ. ಕಾಗದದಲ್ಲಿ ಬರೆದುಕೊಳ್ಳೋಣವೇ ಎಂದು ಇಂಟರ್‌ಕಾಮಿನಲ್ಲಿ ಮ್ಯಾನೇಜರನ್ನು ಕೇಳಿದೆ. ಹೆಡ್ ಆಫೀಸಿನವರು ಕಾಯಿರಿ ಅಂದರಂತೆ. ಸ್ವಲ್ಪ ಹೊತ್ತಿಗೆ ಅವರೇ ಮತ್ತೆ ಇಂಟರ್‌ಕಾಮಿನಲ್ಲಿ ಕರೆದರು.

“ನೋಡಿ, ನೀವು ಹೊರಡಿ. ಪಾಸ್‌ವರ್ಡ್ ಹೇಳಿಬಿಟ್ಟು ಹೋಗಿ, ನೆಟ್ ಬಂದ ತಕ್ಷಣ ನಾನೇ ಹಾಕ್ತೀನಿ. ಬೆರೆತಿದ್ದನ್ನ ನೀವು ನೋಡಿದ್ದೀರಲ್ಲ, ಸುಳ್ಳೇನೂ ಅಲ್ವಲ್ಲ.”

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮೇಸ್ತ್ರಿಗೂ ಕೇಳಿಸಿತ್ತು. “ಹೇಳ್ಬಿಟ್ಟು ಹೋಗಿ ಮೇಡಂ, ತಂಗಿ ಕಾಯ್ತಾ ಇರ್ತಾರೆ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ” ಎಂದರು.

ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಆಗ ಒಂದು ಯೋಚನೆ ಅಡ್ಡ ಬಂತು. ಇವತ್ತು ನೋಡಿದ್ದಕ್ಕೆ ಹಾಕುತ್ತಾರೆ. ಇನ್ನೊಂದು ಅವಸರದ ದಿನ, ನೋಡದೇ ಇದ್ದುದಕ್ಕೂ ಹಾಕಬಹುದು. ನಾನು ಕಳಸದಲ್ಲಿ ತಂಗಿಯ ಪಕ್ಕ ಕೂತಿರುವಾಗಲೂ ನನ್ನ ಹೆಸರು ಈ ಕೋಣೆಯಲ್ಲೇ ಕೆಲಸ ಮಾಡುತ್ತಿರುತ್ತದೆ. ಆಮೇಲೆ ನಾನು ಎಲ್ಲಿಗೆ ಹೋದರೂ ಹೊರಗೆ ಹೋದಂತಾಗುವುದಿಲ್ಲ.

“ಆಗಲ್ಲ ಸಾರ್” ಎಂದೆ.

“ಹಾಗಾದ್ರೆ ಕೂತ್ಕೊಳ್ಳಿ” ಎಂದು ಇಟ್ಟುಬಿಟ್ಟರು.

ಕೂರಲು ಅಲ್ಲಿ ಸ್ಟೂಲೂ ಇರಲಿಲ್ಲ. ಫೋನು ಹೊರಗೆ ಲಾಕರಿನಲ್ಲಿತ್ತು. ಕಿಟಕಿ ಎಂಬುದೊಂದಿದೆ, ಅದರಲ್ಲಿ ಕಾಣುವುದು ಕಾರಿಡಾರಿನ ಬಿಳಿ ಗೋಡೆ. ಗೌನಿನೊಳಗೆ ಬೆವರು ಬೆನ್ನಿಗಿಳಿಯಿತು. ಗಡಿಯಾರ ನೋಡುವುದಿಲ್ಲ ಎಂದುಕೊಂಡು ನೋಡುತ್ತಲೇ ಇದ್ದೆ. ಈಗ ತಂಗಿಗೆ ಹಸಿರು ಸೀರೆ ಉಡಿಸಿರುತ್ತಾರೆ, ಈಗ ಬಳೆ ತೊಡಿಸುತ್ತಿರುತ್ತಾರೆ, ಈಗ ಎಲ್ಲರೂ ಬಾಗಿಲ ಕಡೆ ನೋಡುತ್ತಿರುತ್ತಾರೆ.

ಮೇಸ್ತ್ರಿ ಗೋಡೆಗೆ ಒರಗದಂತೆ ಎಚ್ಚರದಿಂದ ನಿಂತಿದ್ದರು. “ಎಸ್ಟೇಟಲ್ಲಿ ಬೇಜಾರಾದ್ರೆ ತೋಟದ ಆ ತುದಿಗೆ ಹೋಗಿ ಒಂದು ಬೀಡಿ ಹಚ್ತಿದ್ದೆ. ಇಲ್ಲಿ ತುದೀನೇ ಇಲ್ಲ ಮಾರಾಯ್ರೆ.”

ನೆಟ್‌ವರ್ಕ್ ಬಂದಾಗ ಶಾಸ್ತ್ರದ ಹೊತ್ತು ಮೀರಿತ್ತು. ಪಾಸ್‌ವರ್ಡ್ ಹಾಕಿದೆ. ತಡವಾದದ್ದೇಕೆ ಎಂದು ಟ್ಯಾಬ್ ಕೇಳಿ, ತಾನೇ ನಾಲ್ಕಾರು ಕಾರಣ ತೋರಿಸಿತು. ನೆಟ್‌ವರ್ಕ್ ಎಂಬುದನ್ನು ಒತ್ತಿದೆ. ಲಾಕರ್ ತೆರೆದರೆ ಫೋನಿನ ತುಂಬ ತಂಗಿಯ ಕರೆಗಳು. ಕೊನೆಯಲ್ಲಿ ಯಾರೋ ಕಳಿಸಿದ ಫೋಟೋ. ಅವಳ ಅತ್ತೆಯ ಅಕ್ಕ ಮಡಿಲು ತುಂಬುತ್ತಿದ್ದರು. ತಂಗಿ ಕ್ಯಾಮೆರಾ ನೋಡಿರಲಿಲ್ಲ.

ಆದರೂ ಹೊರಟೆ. ಬಸ್ಸು ಬಣಕಲ್, ಕೊಟ್ಟಿಗೆಹಾರ ದಾಟಿ ಕಳಸ ಸೇರುವಾಗ ದೀಪ ಹಚ್ಚಿದ್ದರು. ನೆಂಟರೆಲ್ಲ ಹೋಗಿದ್ದರು. ತಂಗಿ ಅದೇ ಸೀರೆಯಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

“ಒಂದು ಗುಂಡಿ ಒತ್ತೋಕೆ ಇಷ್ಟೊತ್ತು ಬೇಕಾಯ್ತಾ ಅಕ್ಕ?”

ಪಾಸ್‌ವರ್ಡಿನ ಕಥೆಯೆಲ್ಲ ಹೇಳಿದೆ.

“ಹೇಳಿ ಬರೋದಲ್ವಾ ಮಾರಾಯ್ತಿ! ನಮ್ಮ ಎಟಿಎಂ ಪಿನ್ನು ಇಡೀ ಮನೆಗೆ ಗೊತ್ತು.”

ನನಗೆ ನಗು ಬಂತು. ಅವಳು ನಗಲಿಲ್ಲ. “ಅಮ್ಮನೂ ಇಲ್ಲ, ನೀನೂ ಇಲ್ಲ. ಅಷ್ಟು ಜನರ ಮಧ್ಯೆ ನಾನು ಯಾರ ಮುಖ ನೋಡ್ಲಿ ಹೇಳು?” ಎಂದು ಅತ್ತಳು. ನಾನು ಮಾಡಿದ್ದು ಸರಿ ಎಂದು ಬಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಅನ್ನಿಸಿದ್ದು ಅವಳ ಮುಂದೆ ಬಾಯಿಗೇ ಬರಲಿಲ್ಲ. ತಂದಿದ್ದ ಅಕ್ಕಿ, ತೆಂಗಿನಕಾಯಿ, ಖಣ ಅವಳ ಮಡಿಲಿಗೆ ಹಾಕಿದೆ. ಸೆರಗೊಡ್ಡಿದಳು, ಆದರೆ ಮುಖ ಎತ್ತಲಿಲ್ಲ.

ಮ್ಯಾನೇಜರು ಕೆಲವು ಕಾಲ ಮುಖ ಬಿಗಿದುಕೊಂಡೇ ಇದ್ದರು. ಇನ್ನೊಬ್ಬರು ಬೇಕೇ ಬೇಕು ಎಂದು ನಾನು ಹಟ ಹಿಡಿದ ಮೇಲೆ ಕಡೂರಿನ ಹುಡುಗಿಯೊಬ್ಬಳನ್ನು ತಗೊಂಡರು. ನಾನೇ ಕಲಿಸಿದೆ. ಅವಳಿದ್ದಷ್ಟು ದಿನ ಮಧ್ಯಾಹ್ನ ಹೊರಗೆ ಬಂದು ಗೇಟಿನ ಹತ್ತಿರ ಸುಮ್ಮನೆ ನಿಂತು ಬರುವುದೇ ನನಗೊಂದು ಸುಖವಾಗಿತ್ತು. ಹೆಚ್ಚಿನ ಸಂಬಳ ಸಿಕ್ಕಿ ಅವಳೂ ಬಿಟ್ಟಳು. ನಾನೂ ಬಿಡಬಹುದು ಅನ್ನುತ್ತಾರೆ. ನಾನು ಕಲಿತ ಕೆಲಸ ಇರುವ ಕಾರ್ಖಾನೆ ಈ ಸುತ್ತಿನಲ್ಲಿ ಇದೊಂದೇ.

ಇದರ ನಡುವೆಯೇ ತಂಗಿಗೆ ಹೆಣ್ಣು ಮಗುವಾಯಿತು. ಶುಕ್ರವಾರ ಒಳ್ಳೆಯ ಮುಹೂರ್ತವಿದ್ದರೂ ನಾಮಕರಣ ನನಗೆ ರಜೆ ಇರುವ ಭಾನುವಾರವೇ ಆಗಬೇಕು ಎಂದು ಅವಳು ಪಟ್ಟು ಹಿಡಿದಳಂತೆ. ಅವಳ ಅತ್ತೆ ಹೇಳಿದರು. ನಾಮಕರಣದ ದಿನ ಅವಳೇ ಮಗುವನ್ನು ತಂದು ನನ್ನ ಕೈಗಿಟ್ಟಳು. ಊಟದ ಹೊತ್ತಿಗೆ ಮಗು ನನ್ನ ತೊಡೆಯ ಮೇಲೆ ನಿದ್ದೆಹೋಗಿತ್ತು. ಫೋನು ಬಂತು, ಮ್ಯಾನೇಜರದು. ನಾಳೆ ಶಿಫ್ಟು ಬೇಗ ಶುರು, ಬರ್ತೀರಲ್ಲ ಎಂದರು. ಮಗು ಏಳದಂತೆ ಸಣ್ಣ ದನಿಯಲ್ಲಿ, ಬರ್ತೀನಿ ಸಾರ್ ಎಂದೆ.