ಒಂದು ಉದ್ಧರಣೆ ನೀರು

ಮೊನ್ನೆ ಶ್ರಾವಣದ ಸೋಮವಾರ. ಅಡುಗೆಗೆ ಬರುವ ಮಹದೇವಮ್ಮ ಹಣೆ ಒತ್ತಿಕೊಳ್ಳುತ್ತ, "ಅಮ್ಮೋರೆ, ತಲೆ ಸಿಡೀತಾದೆ, ಒಂದು ಮಾತ್ರೆ ಕೊಡಿ" ಎಂದಳು. ಬೀರುವಿನಿಂದ ಆಸ್ಪಿರಿನ್ ಸೀಸೆ ತೆಗೆದು ಮುಚ್ಚಳ ತಿರುಗಿಸಿದರೆ ಗಪ್ಪನೆ ವಿನೆಗರ್ ವಾಸನೆ. ನಿಮಗೂ ಗೊತ್ತಿರಲಿ, ಆಸ್ಪಿರಿನ್ನಿಗೆ ತೇವ ತಗುಲಿದರೆ ಅದು ನಿಧಾನವಾಗಿ ಒಡೆದು ಹುಳಿಯಾಗುತ್ತದೆ. ಆ ವಾಸನೆ ಬಂತೋ, ಎಸೆಯಬೇಕು. ಬಿ.ಎಸ್ಸಿ. ಕೆಮಿಸ್ಟ್ರಿಯಲ್ಲಿ ಈಗಲೂ ನೆನಪಿರುವುದು ಇಂಥವು ಒಂದೆರಡೇ.

"ಬೆಳಿಗ್ಗೆ ಏನು ತಿಂದೆ?"

"ಸ್ವಾಮಾರ ಉಪಾಸ ಅಲ್ವಾ? ಮಾತ್ರೆ ನುಂಗಿದ್ರೆ ಉಪಾಸ ಕೆಡಕಿಲ್ಲ ಬುಡಿ."

ಎಂಬತ್ತು ದಾಟಿದ ಈ ಮೈಯಲ್ಲಿ ಅಷ್ಟು ಸಿಟ್ಟು ಎಲ್ಲಿ ಅಡಗಿತ್ತೋ! ಸೀಸೆಯನ್ನು ಕಸದ ಬುಟ್ಟಿಗೆ ಬೀಸಿ ಎಸೆದೆ. ಪಾಪ, ಅವಳು ಬೆದರಿ ನಿಂತಳು. ಸಿಟ್ಟು ಅವಳ ಮೇಲಲ್ಲ. ಯಾರ ಮೇಲೆಂದು ಹೇಳುತ್ತೇನೆ, ಕೂತುಕೊಳ್ಳಿ.

ಐವತ್ತರ ದಶಕದ ಕೊನೆ. ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಹತ್ತು ಜನ. ಹತ್ತೂ ಜನಕ್ಕೆ ಬೇಯಿಸಿ ಹಾಕುತ್ತಿದ್ದವರು ನಮ್ಮ ಸೋದರತ್ತೆ, ಸೀತತ್ತೆ. ಹದಿನೆಂಟಕ್ಕೇ ಗಂಡ ಹೋಗಿ ತವರಿಗೆ ಬಂದವರು. ಅವರಿಗೆ ದಿನಕ್ಕೆ ಒಂದೇ ಹೊತ್ತು ಊಟ, ಏಕಾದಶಿಗೆ ನೀರೂ ಇಲ್ಲ. ಉಳಿದ ದಿನ ಅವರ ಪಾಲಿಗಿದ್ದ ಒಂದೇ ಸುಖ ಕಾಫಿ. ಪಕ್ಕದ ಬೀದಿಯಲ್ಲಿ ಬೀಜ ಹುರಿದರೆ, "ಒಂದು ಸುತ್ತು ಜಾಸ್ತಿ ಆಯ್ತು ಕಣೇ, ಕಹಿ ಬರುತ್ತೆ" ಎನ್ನುವ ಮೂಗು ಅವರದು. ಹೀಗಿರುವಾಗ ಏಕಾದಶಿಯ ದಿನ ಅನ್ನವಿಲ್ಲ, ನೀರಿಲ್ಲ, ಕಾಫಿಯೂ ಇಲ್ಲವೆಂದರೆ ತಲೆ ಸಿಡಿಯದೆ ಇನ್ನೇನಾದೀತು? ಮಧ್ಯಾಹ್ನದ ಹೊತ್ತಿಗೆ ಹಣೆಗೆ ಬಟ್ಟೆ ಬಿಗಿದುಕೊಂಡು ಒಲೆಯ ಮುಂದೆ ಕೂತಿರುತ್ತಿದ್ದರು.

ಯಾರೋ ಆಸ್ಪಿರಿನ್ ತಂದುಕೊಟ್ಟರು. ಆಗ ಎದ್ದಿತು ನೋಡಿ ಮಹಾಪ್ರಶ್ನೆ: ಮಾತ್ರೆಯಿಂದ ಉಪವಾಸ ಕೆಡುತ್ತದೆಯೇ? ತಾತನೂ ಪುರೋಹಿತರೂ ಜಗಲಿಯ ಮೇಲೆ ಒಂದು ಗಂಟೆ ಕೂತು ತೀರ್ಮಾನ ಮಾಡಿದರು. ಔಷಧಿ ಆಹಾರವಲ್ಲ, ಒಂದು ಉದ್ಧರಣೆ ನೀರಿನ ಜೊತೆ ಆಗಬಹುದು. ಉದ್ಧರಣೆಯೆಂದರೆ ಆಚಮನದ ಪುಟ್ಟ ಚಮಚ. ಅದರಲ್ಲಿ ಒಂದು ಗುಟುಕೂ ಹಿಡಿಸದು. ತಲೆನೋವು ಯಾಕೆ ಬರುತ್ತಿದೆ ಎಂದು ಮಾತ್ರ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಹಸಿವಿಗೆ ಅನ್ನ ಕೊಡುವುದಕ್ಕೆ ಶಾಸ್ತ್ರವಿರಲಿಲ್ಲ, ಮಾತ್ರೆ ಕೊಡುವುದಕ್ಕೆ ಸಿಕ್ಕಿತು!

ತಾತ ನನ್ನನ್ನು ಕರೆದರು. "ಬನ್ನಿ ಕಾನ್ವೆಂಟ್ ದೊರೆಸಾನಿ, ಸೀಸೆ ಮೇಲೆ ಏನು ಬರೆದಿದೆ ಓದಿ."

ನಾನು ಸಿಸ್ಟರ್‌ಗಳು ಕಲಿಸಿದ ಆಕ್ಸೆಂಟಿನಲ್ಲಿ, "ಟು ಬಿ ಟೇಕನ್ ಆಫ್ಟರ್ ಫುಡ್" ಎಂದು ಓದಿ, "ಊಟದ ಮೇಲೆ ತಗೋಬೇಕಂತೆ ತಾತ" ಎಂದೆ.

"ಅದು ಊಟ ಮಾಡೋರಿಗೆ" ಎಂದರು ತಾತ.

ಎಲ್ಲರೂ ನಕ್ಕರು. ಸೀತತ್ತೆಯೂ ನಕ್ಕರು. ನಾನೂ ನಕ್ಕೆ.

ಕಾನ್ವೆಂಟಿನಲ್ಲಿ ನನಗೆ ಮುಖ್ಯವಾಗಿ ಕಲಿಸಿದ್ದು ಎರಡು: ಸೂಪ್ ಕುಡಿಯುವಾಗ ಸದ್ದು ಮಾಡಬಾರದು, ಹಿರಿಯರಿಗೆ ಎದುರು ಮಾತಾಡಬಾರದು. ನಮ್ಮ ಮನೆಯಲ್ಲಿ ಯಾರೂ ಸೂಪ್ ಮಾಡಲಿಲ್ಲವಾದ್ದರಿಂದ ಎರಡನೆಯದನ್ನೇ ಚಾಚೂ ತಪ್ಪದೆ ಪಾಲಿಸಿದೆ. ಆ ವರ್ಷವೇ ಕಾಲೇಜಿನ ಲ್ಯಾಬಿನಲ್ಲಿ ನನ್ನ ಕೈಯಾರೆ ಆಸ್ಪಿರಿನ್ ತಯಾರಿಸಿದ್ದೆ. ಬೆಳ್ಳನೆಯ ಸೂಜಿಯಂಥ ಹರಳು. ರೆಕಾರ್ಡ್ ಬುಕ್ಕಿನಲ್ಲಿ 'ಎಕ್ಸಲೆಂಟ್' ಬಿದ್ದಿತ್ತು. ಖಾಲಿ ಹೊಟ್ಟೆಗೆ ಇದನ್ನು ಹಾಕಿದರೆ ಒಳಪದರ ಹುಣ್ಣಾಗುತ್ತದೆ ಎಂದು ಲೆಕ್ಚರರ್ ಹೇಳಿದ್ದನ್ನು ಕೆಂಪು ಶಾಯಿಯಲ್ಲಿ ಅಂಡರ್‌ಲೈನ್ ಮಾಡಿದ್ದೆ ಕೂಡ. ಲ್ಯಾಬಿನಿಂದ ನಮ್ಮ ಅಡುಗೆಮನೆ ಎಷ್ಟು ದೂರವಿತ್ತು ಎಂದು ಈಗ ಯೋಚಿಸುತ್ತೇನೆ. ಇಪ್ಪತ್ತು ನಿಮಿಷದ ಸೈಕಲ್ ದಾರಿ, ಅಷ್ಟೇ.

ಏಕಾದಶಿಗೆಂದು ಶುರುವಾದ ಮಾತ್ರೆ ಕ್ರಮೇಣ ದಿನದ ಅಭ್ಯಾಸವಾಯಿತು. ಎರಡು ವರ್ಷ ಹೀಗೇ ನಡೆಯಿತು. ಒಂದು ದ್ವಾದಶಿಯ ಬೆಳಿಗ್ಗೆ, ಮನೆಯವರ ಪಾರಣೆಗೆ ಅಡುಗೆ ಮಾಡುತ್ತಿದ್ದ ಸೀತತ್ತೆ ಒಲೆಯ ಪಕ್ಕದಲ್ಲೇ ವಾಂತಿ ಮಾಡಿಕೊಂಡರು. ಕಪ್ಪಗೆ, ತರಿತರಿಯಾಗಿ, ಥೇಟ್ ಕಾಫಿ ಚರಟ.

"ಏಕಾದಶಿ ದಿನ ಕದ್ದು ಕಾಫಿ ಕುಡಿದ್ಯಾ?" ತಾತ ಗುಡುಗಿದರು.

"ಇಲ್ಲಪ್ಪ. ದೇವರಾಣೆ ಇಲ್ಲ."

ಅಮ್ಮ ಹೋಗಿ ಕಾಫಿಪುಡಿಯ ಡಬ್ಬ ತೆರೆದು ನೋಡಿಬಂದರು. ನಿಲ್ಲಲಾಗದ ಹೆಂಗಸನ್ನು ಬಾವಿಕಟ್ಟೆಗೆ ಕಳಿಸಿ ಮತ್ತೆ ತಣ್ಣೀರು ಸ್ನಾನ ಮಾಡಿಸಿದರು. ಆಮೇಲೆ ದೇವರ ಮುಂದೆ ತಪ್ಪುಕಾಣಿಕೆ. ನಾನು ಮಹಾ ಉದಾರಿ, ಹತ್ತಿರ ಹೋಗಿ ಪಿಸುಗುಟ್ಟಿದೆ: "ನನ್ನ ಹತ್ರ ಹೇಳಿ ಅತ್ತೆ. ಕುಡಿದಿದ್ರೂ ಪರವಾಗಿಲ್ಲ. ಪ್ರಾಮಿಸ್, ಯಾರಿಗೂ ಹೇಳಲ್ಲ."

ಅವರು ನನ್ನನ್ನೇ ನೋಡಿದರು. "ನೀನೂ ಹಂಗೇ ಅಂತೀಯಲ್ಲೇ" ಎಂದು ಗೋಡೆಯ ಕಡೆ ತಿರುಗಿದರು.

ಮಧ್ಯಾಹ್ನ ಇನ್ನೊಮ್ಮೆ ವಾಂತಿಯಾಗಿ ಎಚ್ಚರ ತಪ್ಪಿದ ಮೇಲೆ ಜಟಕಾ ಕರೆಸಿ ಆಸ್ಪತ್ರೆಗೆ ಹೊರಟೆವು. ಡಾಕ್ಟರು ಸೀರೆಯ ಮೇಲಿನ ಕಲೆ ನೋಡಿದ್ದೇ, "ಕಾಫಿ ಅಲ್ಲ ಕಣ್ರೀ ಇದು, ರಕ್ತ! ಹೊಟ್ಟೆ ಹುಳಿಗೆ ಸಿಕ್ಕಿದ ರಕ್ತ ಹೀಗೇ ಆಗೋದು. ಬೆಳಿಗ್ಗೆಯಿಂದ ಏನು ಮಾಡ್ತಿದ್ರಿ?" ಎಂದರು. ಸೂರ್ಯ ಮುಳುಗುವ ಮೊದಲೇ ಸೀತತ್ತೆ ಹೋದರು. "ದ್ವಾದಶಿ ಮರಣ, ಪುಣ್ಯವಂತೆ" ಎಂದರು ನೋಡಲು ಬಂದವರು. ಆ ಪುಣ್ಯಕ್ಕೆ ಬೆಂಕಿ ಬೀಳಲಿ!

ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ತನ್ನ ಷರತ್ತನ್ನು ಅದು ಮೈಮೇಲೇ ಬರೆದುಕೊಂಡು ಬಂದಿತ್ತು. ಮನೆಯಲ್ಲಿ ಅದನ್ನು ಓದಬಲ್ಲವಳೂ ಒಬ್ಬಳಿದ್ದಳು.

ಮೊನ್ನೆ ಮಹದೇವಮ್ಮನಿಗೆ ಒಂದು ದೊಡ್ಡ ಲೋಟ ಬಿಸಿ ಹಾಲು, ಎರಡು ಬಾಳೆಹಣ್ಣು ಕೊಟ್ಟೆ. "ಹಾಲು ಹಣ್ಣು ನಡೀತದೆ ಬುಡಿ" ಎಂದು ಕುಡಿದಳು. ಅರ್ಧ ಗಂಟೆಗೆ ತಲೆನೋವು ಇಳಿಯಿತು. ಮಾತ್ರೆಯೇ ಬೇಕಾಗಲಿಲ್ಲ. ಲೋಟ ತೊಳೆದಿಡುತ್ತ ಮೆಲ್ಲಗೆ ಕೇಳಿದಳು: "ಅದ್ಯಾರ ಮ್ಯಾಲೆ ಅಮ್ಮೋರೆ, ಅಷ್ಟು ಕ್ವಾಪ?"

ಇಷ್ಟು ವರ್ಷ ಯಾರ ಮುಂದೂ ಆಡದ ಮಾತು ಬಾಯಿಗೆ ಬಂತು.

"ಒಬ್ಬರು ಕಾಫಿ ಕುಡಿದಿಲ್ಲ ಅಂತ ಆಣೆ ಇಟ್ಟು ಹೇಳಿದ್ರು ಮಹದೇವಮ್ಮ. ನಾನು ನಂಬಲಿಲ್ಲ."